ಸೋಲಾರ್ ಪ್ಲೇಟಿನ ಆಯುಷ್ಯ

ನಮ್ಮ ಮನೆಯವರದು ಸದಲಗಾದಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ದೂಧಗಂಗಾ ನದಿಯಿಂದ ಕಬ್ಬಿಗೆ ನೀರೆತ್ತುವ ಪಂಪಿನ ಮೋಟರು, ಫ್ಯಾನು, ಮಿಕ್ಸರು, ಸುಟ್ಟುಹೋದದ್ದೆಲ್ಲ ಅವರ ಕೈಗೆ ಬರುತ್ತದೆ. ಅವರು ಹೊಸದಾಗಿ ತಾಮ್ರದ ತಂತಿ ಸುತ್ತಿ ಕಳಿಸುತ್ತಾರೆ. ಒಂದೆರಡು ವರ್ಷಕ್ಕೆ ಅದು ಮತ್ತೆ ಸುಟ್ಟು ಬರುತ್ತದೆ. ವಸ್ತುಗಳು ಕೆಡುವುದರ ಮೇಲೆಯೇ ನಮ್ಮ ಸಂಸಾರ ನಿಂತದ್ದರಿಂದ, ಕೆಡುವುದಿಲ್ಲ ಎಂದು ಹೇಳಿಕೊಳ್ಳುವ ವಸ್ತುವಿನ ಮೇಲೆ ಅವರಿಗೆ ಮೊದಲಿನಿಂದಲೂ ಸಂಶಯ. ಅಂಥವರ ಮನೆಗೆ ಇಪ್ಪತ್ತೈದು ವರ್ಷ ರಿಪೇರಿ ಬೇಡದ ವಸ್ತುವೊಂದನ್ನು ತಂದವಳು ನಾನು.

ನಾನು ಅದೇ ಊರಿನ ಕನ್ನಡ ಶಾಲೆಯಲ್ಲಿ ಶಿಕ್ಷಕಿ. ಹದಿನೇಳು ವರ್ಷದ ಹಿಂದೆ, ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ, ನಿಪ್ಪಾಣಿಯಿಂದ ಒಬ್ಬ ಏಜೆಂಟ್ ಶಾಲೆಗೆ ಬಂದಿದ್ದ. ಸೋಲಾರ್ ಲೈಟು ಹಾಕಿಸಿಕೊಳ್ಳಿ ಎಂದು ಎಲ್ಲ ಶಿಕ್ಷಕರಿಗೂ ಒಂದೊಂದು ಬಣ್ಣದ ಕಾಗದ ಕೊಟ್ಟ. ಆ ದಿನಗಳಲ್ಲಿ ನಮ್ಮಲ್ಲಿ ಸಂಜೆ ಕರೆಂಟ್ ಹೋದರೆ ರೊಟ್ಟಿ ಬಡಿದು ಮುಗಿಸುವವರೆಗೆ ಬರುತ್ತಿರಲಿಲ್ಲ. ನಾನು ಕಂದೀಲಿನ ಬೆಳಕಿನಲ್ಲಿ ಪರೀಕ್ಷೆಯ ಪೇಪರು ತಿದ್ದಿ, ಒಮ್ಮೆ ಒಂದು ಹುಡುಗಿಗೆ ಎರಡು ಸಲ ಅಂಕ ಕೊಟ್ಟಿದ್ದೆ. ಹಾಗಾಗಿ ನಾನೊಬ್ಬಳೇ ಆ ಕಾಗದವನ್ನು ಪೂರ್ತಿ ಓದಿದೆ. ಇದು ಎಷ್ಟು ವರ್ಷ ಬರುತ್ತದೆ ಎಂದು ಕೇಳಿದೆ.

“ಪ್ಲೇಟಿಗೆ ಇಪ್ಪತ್ತೈದ ವರ್ಷ ಗ್ಯಾರಂಟಿ ಐತ್ರಿ ಅಕ್ಕಾರ, ಬ್ಯಾಟರಿಗೆ ಐದ ವರ್ಷ. ನಡಬರಕ ನೀವು ಏನೂ ಮಾಡೂದ ಬ್ಯಾಡ,” ಅಂದ.

ರಾತ್ರಿ ಊಟಕ್ಕೆ ಕೂತಾಗ ಮನೆಯವರಿಗೆ ಹೇಳಿದೆ. ಅವರು ಬೇಡ ಅನ್ನಲಿಲ್ಲ. ತುತ್ತು ನುಂಗಿ, ತಮ್ಮ ಅಂಗಡಿಯಲ್ಲಿ ಇಪ್ಪತ್ತೈದು ವರ್ಷದಿಂದ ನಡೆಯುತ್ತಿರುವ ವಸ್ತು ಯಾವುದಾದರೂ ಇದೆಯೇ ಎಂದು ಗಂಭೀರವಾಗಿ ಯೋಚಿಸಿದರು.

“ಒಂದ ಐತಿ, ಕುರ್ಚಿ. ಅದಕ್ಕೂ ಒಂದ ಕಾಲ ಬ್ಯಾರೆ ಹಾಕೇನಿ,” ಅಂದರು.

ಮುಂದಿನ ವಾರ ಮಾಳಿಗೆಯ ಮೇಲೆ ಎರಡು ಪ್ಲೇಟು ಕೂತವು. ಕೆಳಗೆ ಮಾಳಿಗೆಗೆ ಹತ್ತುವ ಜಿನೆಯ ಪಕ್ಕ ಮಂಚದ ಕಾಲಿನಷ್ಟು ಎತ್ತರದ ಒಂದು ಬ್ಯಾಟರಿ, ಗೋಡೆಗೆ ಕೆಂಪು ಮತ್ತು ಹಸಿರು ದೀಪವಿರುವ ಪುಟ್ಟ ಡಬ್ಬಿ, ಮೂರು ಲೈಟು, ಒಂದು ಸಣ್ಣ ಫ್ಯಾನು. ಏಜೆಂಟ್ ನಮ್ಮ ಅತ್ತೆಯವರಿಗೂ ಇಪ್ಪತ್ತೈದು ವರ್ಷದ ಮಾತು ಹೇಳಿದ. ಅತ್ತೆಗೆ ಆಗ ಅರವತ್ತೆಂಟು.

“ನನಗ್ಯಾಕೋ ತಮ್ಮಾ ಅಷ್ಟ ವರ್ಷದ್ದು? ಹತ್ತ ವರ್ಷದ್ದ ಇದ್ರ ಅದನ್ನ ಕೊಡ,” ಅಂದರು.

ಹತ್ತು ವರ್ಷದ್ದು ಬರುವುದಿಲ್ಲ ಎಂದು ಆತ ವಿನಯದಿಂದಲೇ ಹೇಳಿದ.

ಅಂದಿನಿಂದ ನಮ್ಮ ಮನೆಯವರು ಆ ಪ್ಲೇಟುಗಳು ಕೆಡುವುದನ್ನು ಕಾಯತೊಡಗಿದರು. ಕೆಡಲಿ ಎಂಬ ಕೆಟ್ಟ ಆಸೆಯೇನೂ ಅವರಿಗಿರಲಿಲ್ಲ. ಕೆಟ್ಟೇ ಕೆಡುತ್ತದೆ, ಕೆಟ್ಟ ದಿನ ತಾನು ಎದುರಿಗಿರಬೇಕು ಅನ್ನುವ ಹಟ, ಅಷ್ಟೇ. ಪ್ರತಿ ತಿಂಗಳ ಮೊದಲ ರವಿವಾರ, ಮಧ್ಯಾಹ್ನ ಹನ್ನೆರಡಕ್ಕೆ, ಅಂಗಡಿಯ ಮೀಟರು ಹಿಡಿದು ಮಾಳಿಗೆ ಏರುತ್ತಿದ್ದರು. ಪ್ಲೇಟಿನ ವೈರು ಬಿಚ್ಚಿ, ಮೀಟರಿನ ಕಡ್ಡಿ ಹಚ್ಚಿ, ಬಂದ ಅಂಕಿಯನ್ನು ಜಿನೆಯ ಮೇಲ್ತುದಿಯ ಗೋಡೆಗೆ ಪೆನ್ಸಿಲಿನಿಂದ ಬರೆಯುತ್ತಿದ್ದರು. ಒಂದು ವರ್ಷ ಕಳೆಯಿತು. ಗೋಡೆಯ ಮೇಲೆ ಹನ್ನೆರಡು ಅಂಕಿಗಳು ಒಂದರ ಕೆಳಗೊಂದು ಹೆಚ್ಚು ಕಡಿಮೆ ಒಂದೇ ಥರ ನಿಂತಿದ್ದವು. ಅವರು ಅದನ್ನು ನೋಡಿ ಇಳಿದು ಬರುತ್ತಿದ್ದರು. ಜ್ವರವೇ ಇಲ್ಲದ ರೋಗಿಯನ್ನು ನೋಡಿಬಂದ ಡಾಕ್ಟರರ ಮುಖ.

ಎರಡನೆಯ ಬೇಸಿಗೆಯಲ್ಲಿ ಒಂದು ದಿನ ಅವರು ಊಟಕ್ಕೆ ಬಂದವರು ಗೋಡೆಯ ಡಬ್ಬಿ ನೋಡಿದರು. ಎರಡು ಗಂಟೆಯ ರಣಬಿಸಿಲು. ಹಸಿರು ದೀಪ ಉರಿಯಬೇಕಾದಲ್ಲಿ ಕೆಂಪು ಉರಿಯುತ್ತಿತ್ತು. “ಹೋತು ನೋಡ ನಿನ್ನ ಇಪ್ಪತ್ತೈದ ವರ್ಷ,” ಎಂದು ಶಾಂತವಾಗಿ ಹೇಳಿ, ಕೈ ಕೂಡ ತೊಳೆಯದೆ ಮೀಟರು ತೆಗೆದುಕೊಂಡು ಮೇಲೆ ಹೋದರು. ನಾನೂ ಹಿಂದೆಯೇ ಹೋದೆ. ಎರಡೂ ಪ್ಲೇಟಿನ ಮೇಲೆ ಬೆಳ್ಳಗೆ, ಸಾಲುಸಾಲಾಗಿ, ಸಂಡಿಗೆ ಒಣಗುತ್ತಿತ್ತು. ನೆಲಕ್ಕೆ ಹಾಕಿದರೆ ಧೂಳು, ಮಂಚಕ್ಕೆ ಹಾಕಿದರೆ ಬೆಕ್ಕು, ಇಷ್ಟು ಚಂದದ, ಕನ್ನಡಿಯಂಥ ಕಾಜಿನ ಹಲಗೆ ಬಿಸಿಲಿಗೆ ಸುಮ್ಮನೆ ಬಿದ್ದಿದೆಯಲ್ಲ ಅನ್ನುವುದು ಅತ್ತೆಯ ವಾದ. ಅರ್ಧ ದಿನಕ್ಕೆ ಸಂಡಿಗೆ ಖಡಕ್ಕಾಗಿ ಒಣಗಿತ್ತು ಅನ್ನುವುದನ್ನು ನಾವೂ ಒಪ್ಪಬೇಕಾಯಿತು. ಮನೆಯವರು ಸಂಡಿಗೆ ತೆಗೆಸಿ, ಒದ್ದೆ ಅರಿವೆಯಿಂದ ಕಾಜು ಒರೆಸಿದರು. ಕೆಳಗೆ ಹಸಿರು ದೀಪ ಹತ್ತಿತು. ಅವತ್ತು ಅವರು ಸಂಡಿಗೆ ತಿನ್ನಲಿಲ್ಲ.

ಮೊದಲು ಕೆಟ್ಟದ್ದು ಬ್ಯಾಟರಿ. ಐದು ವರ್ಷ ಬರುತ್ತೇನೆಂದ ಅದು ಮೂರನೆಯ ವರ್ಷಕ್ಕೇ ಕೈಕೊಟ್ಟಿತು. ಸಂಜೆ ಏಳಕ್ಕೆ ಹಚ್ಚಿದ ಲೈಟು ಏಳೂವರೆಗೆ ಮಂಕಾಗತೊಡಗಿತು. ಮನೆಯವರು ಬ್ಯಾಟರಿಯ ಬುಚ್ಚು ಬಿಚ್ಚಿ ಒಳಗೆ ನೋಡಿದರು, ಮೂಸಿದರು, ಆಮೇಲೆ ನಮ್ಮಿಬ್ಬರನ್ನೂ ಕರೆದು, ಇದಕ್ಕೆ ಯಾರು ಏನು ಹಾಕಿದಿರಿ ಎಂದು ಕೇಳಿದರು. ಆರು ತಿಂಗಳಿಗೊಮ್ಮೆ ಶುದ್ಧ ನೀರು ಹಾಕಿರಿ ಎಂದು ಏಜೆಂಟ್ ಹೋಗುವಾಗ ಹೇಳಿದ್ದ. ಆತ ಹೇಳಿದ ಶುದ್ಧ ನೀರು ಪೆಟ್ರೋಲ್ ಪಂಪಿನಲ್ಲಿ ಡಬ್ಬಿಯಲ್ಲಿ ಸಿಗುವ ಬ್ಯಾಟರಿ ನೀರು. ಅತ್ತೆ ತಿಳಿದ ಶುದ್ಧ ನೀರು ಬೇರೆ. ಅವರು ಪ್ರತಿ ಅಮಾವಾಸ್ಯೆಗೆ ಮಡಿಯಿಂದ, ಅರಿವೆಯಲ್ಲಿ ಸೋಸಿ, ಕಾಯಿಸಿ ಆರಿಸಿದ ಬಾವಿಯ ನೀರನ್ನು ಆರೂ ಬುಚ್ಚು ತೆಗೆದು ತುಂಬುತ್ತ ಬಂದಿದ್ದರು.

“ನಾವು ಕುಡಿಯೂ ನೀರ ಅದಕ್ಕ ಆಗೂದಿಲ್ಲಂದ್ರ, ಅದೇನ ನಮಗಿಂತ ದೊಡ್ಡದಾತೇನು?” ಎಂದು ಕೇಳಿದರು.

ಬಾವಿ ನೀರಿನ ಸುಣ್ಣದಂಶ ಒಳಗಿನ ಸೀಸವನ್ನು ತಿಂದಿದೆ ಎಂದು ಮನೆಯವರು ತಾಯಿಗೆ ವಿವರಿಸಲು ಹೋದರು. ಹಾಗಾದರೆ ಇಷ್ಟು ವರ್ಷ ಅದು ನಮ್ಮನ್ನು ಯಾಕೆ ತಿಂದಿಲ್ಲ ಎಂದು ತಾಯಿ ಕೇಳಿದರು.

ತಪ್ಪು ನಮ್ಮದೇ ಆಗಿದ್ದರೂ ಗ್ಯಾರಂಟಿ ಕಾರ್ಡು ಇದೆಯಲ್ಲ, ಕೇಳಿ ನೋಡಿ ಎಂದು ನಾನು ಮನೆಯವರ ಬೆನ್ನು ಹತ್ತಿದೆ. ಕಾರ್ಡು ಹಿಡಿದುಕೊಂಡು ಅವರು ಒಂದು ಬೆಳಿಗ್ಗೆ ಬಸ್ಸಿನಲ್ಲಿ ನಿಪ್ಪಾಣಿಗೆ ಹೋದರು. ಕಾರ್ಡಿನ ಮೇಲಿನ ವಿಳಾಸ ಸರಿಯಾಗಿಯೇ ಇತ್ತು, ಕಟ್ಟಡವೂ ಇತ್ತು. ಅಂಗಡಿ ಮಾತ್ರ ಚಷ್ಮಾದ ಅಂಗಡಿಯಾಗಿತ್ತು. ಸೋಲಾರಿನವರು ಗಂಟು ಕಟ್ಟಿಕೊಂಡು ಹೋಗಿ ಒಂದು ವರ್ಷವಾಗಿತ್ತು, ಎಲ್ಲಿಗೆ ಅನ್ನುವುದು ಅಕ್ಕಪಕ್ಕದವರಿಗೂ ಗೊತ್ತಿರಲಿಲ್ಲ. ಚಷ್ಮಾದವನು ನಮ್ಮವರನ್ನು ಕೂಡಿಸಿ ನೀರು ಕೊಟ್ಟನಂತೆ. ಇಂಥ ಕಾರ್ಡು ಹಿಡಿದು ಬಂದವರಲ್ಲಿ ಇವರು ಮೊದಲಿನವರೇನಲ್ಲ.

“ಇಷ್ಟ ದೂರ ಬಂದೀರಿ, ಬರಿಗೈಲೆ ಯಾಕ ಹೋಗ್ತೀರಿ? ಕಣ್ಣ ತೋರಿಸ್ಕೊಂಡ ಹೋಗ್ರಿ,” ಅಂದನಂತೆ.

ಸೂಜಿಯ ದಾರದಷ್ಟು ಸಣ್ಣ ತಂತಿ ಸುತ್ತುವಾಗ ಅವರು ಅದನ್ನು ದೂರ ಹಿಡಿದು ನೋಡುವುದನ್ನು ನಾನು ಎರಡು ವರ್ಷದಿಂದ ನೋಡುತ್ತಿದ್ದೆ. ಕಣ್ಣು ತೋರಿಸಿ ಅಂದಾಗಲೆಲ್ಲ, ಬೆಳಕು ಕಡಿಮೆ ಇದೆ, ಕಣ್ಣು ಸರಿಯಾಗಿಯೇ ಇವೆ ಅನ್ನುತ್ತಿದ್ದರು. ಆ ದಿನ ಸಂಜೆ ಬಸ್ಸಿಳಿದು ಬಂದವರ ಮೂಗಿನ ಮೇಲೆ ಕಂದು ಕಟ್ಟಿನ ಚಷ್ಮಾ ಕೂತಿತ್ತು. ಬ್ಯಾಟರಿ ಏನಾಯಿತು ಎಂದು ಕೇಳಿದೆ. ಅವರು ಮಂಕು ಲೈಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

“ನಿನ್ನ ಕೂದಲಾ ಇಷ್ಟ ಬೆಳ್ಳಗ ಯಾವಾಗ ಆದವು?” ಅಂದರು.

ಹೊಸ ಬ್ಯಾಟರಿಯನ್ನು ಚಿಕ್ಕೋಡಿಯಿಂದ ತಂದರು. ಅದರ ಬುಚ್ಚುಗಳಿಗೆ ಅತ್ತೆಯ ಕೈ ತಾಗದಂತೆ ಕಬ್ಬಿಣದ ಪಟ್ಟಿ ಹಾಕಿದರು. ನಾಲ್ಕನೆಯ ವರ್ಷ ಗೋಡೆಯ ಡಬ್ಬಿ ಸುಟ್ಟಿತು, ಅದನ್ನು ತಾವೇ ಬಿಚ್ಚಿ ರಿಪೇರಿ ಮಾಡಿದರು. ಲೈಟುಗಳು ಒಂದೊಂದಾಗಿ ಹೋದವು, ಬದಲಿಸಿದೆವು. ಫ್ಯಾನಿನ ಬುಶ್ ಸವೆಯಿತು. ಕೊಟ್ಟ ಕಂಪನಿ ಹೋಗಿತ್ತು, ಬಂದ ಏಜೆಂಟ್ ಹೋಗಿದ್ದ. ಮಾಳಿಗೆಯ ಮೇಲೆ ಪ್ಲೇಟುಗಳು ಮಾತ್ರ ಸುಮ್ಮನೆ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದವು, ತಿಂಗಳಿಗೊಮ್ಮೆ ಅವೇ ಅಂಕಿಗಳನ್ನು ಕೊಡುತ್ತ. ನಮ್ಮವರು ಈಗ ಅಂಕಿ ಬರೆಯುವ ಮೊದಲು ಕಾಜು ಒರೆಸತೊಡಗಿದ್ದರು. ಕೇಳಿದರೆ, ಧೂಳಿದ್ದರೆ ಲೆಕ್ಕ ತಪ್ಪುತ್ತದೆ ಅನ್ನುತ್ತಿದ್ದರು.

ಒಂಬತ್ತನೆಯ ವರ್ಷ ಪಕ್ಕದ ಮನೆಯವರು ಎರಡನೆಯ ಮಹಡಿ ಎತ್ತಿದರು. ಅವರು ಕೊಲ್ಲಾಪುರಕ್ಕೆ ಬೆಲ್ಲ ಕಳಿಸುವ ವ್ಯಾಪಾರಿ. ಮಹಡಿಯ ಮೇಲೆ ಗೋಡೆ, ಗೋಡೆಯ ಮೇಲೆ ನೀರಿನ ಟಾಕಿ. ಮಧ್ಯಾಹ್ನ ಎರಡೂವರೆ ಆಯಿತೆಂದರೆ ಆ ಗೋಡೆಯ ನೆರಳು ನಮ್ಮ ಪ್ಲೇಟಿನ ಮೇಲೆ ಬಂದು ಮಲಗುತ್ತಿತ್ತು. ನಮ್ಮವರು ಹೋಗಿ ಸಮಾಧಾನವಾಗಿಯೇ ಹೇಳಿದರು. ಟಾಕಿಯನ್ನಾದರೂ ಆಚೆ ಸರಿಸಲಾಗುತ್ತದೆಯೇ ಎಂದು ಕೇಳಿದರು. ಪಕ್ಕದವರು, ತಮ್ಮ ಜಾಗದಲ್ಲಿ ತಾವು ಕಟ್ಟಿದ್ದಾಗಿಯೂ ನೆರಳು ಎಲ್ಲಿ ಬೀಳಬೇಕೆಂದು ಸೂರ್ಯನಿಗೆ ತಾವು ಹೇಳಲಾಗದೆಂದೂ ತಿಳಿಸಿದರು. ಅದು ನಿಜವೇ ಆಗಿತ್ತು. ಅಂದಿನಿಂದ ಎರಡು ಮನೆಗಳ ನಡುವೆ ಮಾತು ಕಡಿಮೆಯಾಯಿತು, ಹಬ್ಬದ ಹೋಳಿಗೆ ಮಾತ್ರ ಗೋಡೆ ದಾಟುತ್ತಿತ್ತು.

ಮರುವರ್ಷದ ಮಳೆಗಾಲಕ್ಕೆ ಹೊಳೆ ಊರೊಳಗೆ ಬಂತು. ಮಹಾರಾಷ್ಟ್ರದ ಕಡೆ ಮಳೆ ಹಿಡಿದರೆ ನಮ್ಮಲ್ಲಿ ದೂಧಗಂಗಾ ಏರುವುದು ಹೊಸದಲ್ಲ. ಆದರೆ ನಮ್ಮ ಓಣಿಗೆ ನೀರು ಬಂದದ್ದನ್ನು ಅತ್ತೆಯೂ ನೋಡಿರಲಿಲ್ಲ. ಬೆಳಿಗ್ಗೆ ಹೊಸ್ತಿಲಿಗೆ ಬಂದ ನೀರು ಮಧ್ಯಾಹ್ನಕ್ಕೆ ಮೊಣಕಾಲ ಮಟ್ಟ, ಸಂಜೆಗೆ ಸೊಂಟದ ಮಟ್ಟ. ಅಕ್ಕಿ, ಹಿಟ್ಟು, ಸ್ಟೋವು, ಹಾಸಿಗೆ ಹೊತ್ತುಕೊಂಡು ಮಾಳಿಗೆಯ ಮೇಲಿನ ಒಂದು ಕೋಣೆಗೆ ಹತ್ತಿದೆವು. ಕೆಳಗೆ ಎರಡನೆಯ ಬ್ಯಾಟರಿ ನೀರಲ್ಲಿ ಮುಳುಗಿತು. ಅಂಗಡಿಯಲ್ಲಿ ರಿಪೇರಿಗೆ ಬಂದ ಮೋಟರುಗಳೂ ಮುಳುಗಿದವು. ಊರಿಗೆಲ್ಲ ಕರೆಂಟ್ ತೆಗೆದಿದ್ದರು. ಎರಡು ದಿನಕ್ಕೆ ಓಣಿಯ ಎಲ್ಲರ ಫೋನೂ ಸತ್ತವು. ಅರ್ಧ ಜನ ಶಾಲೆಯ ಗಂಜಿ ಕೇಂದ್ರದಲ್ಲಿ, ಅರ್ಧ ಜನ ಮಾಳಿಗೆಗಳ ಮೇಲೆ, ಒಬ್ಬರ ಸುದ್ದಿ ಒಬ್ಬರಿಗಿಲ್ಲ.

ಮೂರನೆಯ ದಿನ ಮೋಡ ಹರಿದು ಬಿಸಿಲು ಬಿತ್ತು. ನಮ್ಮವರು ಪ್ಲೇಟಿನ ವೈರಿಗೆ, ಗಾಡಿಯಲ್ಲಿ ಫೋನ್ ಹಚ್ಚುವ ಚಾರ್ಜರೊಂದನ್ನು ನೇರವಾಗಿ ಕಟ್ಟಿ, ನನ್ನ ಫೋನು ಹಚ್ಚಿದರು. ಸ್ವಲ್ಪ ಹೊತ್ತಿಗೆ ಅದು ಕಣ್ಣು ಬಿಟ್ಟಿತು. ಈ ಸುದ್ದಿ ಮಾಳಿಗೆಯಿಂದ ಮಾಳಿಗೆಗೆ ಹೋಯಿತು. ಒಂದಕ್ಕೊಂದು ತಾಗಿಕೊಂಡ ಮಾಳಿಗೆಗಳನ್ನು ದಾಟಿ ಜನ ಫೋನು ಹಿಡಿದುಕೊಂಡು ಬಂದರು. ಒಂದು ಸಲಕ್ಕೆ ಎರಡೇ ಫೋನು. ಪಾಳಿ ಯಾರು ಮೊದಲು, ಯಾರು ಆಮೇಲೆ ಅನ್ನುವುದನ್ನು ಅತ್ತೆ ತಾವೇ ವಹಿಸಿಕೊಂಡರು. ಅವರು ಪ್ಲೇಟಿನ ಪಕ್ಕ ತಲೆಗೆ ಟವೆಲ್ ಹಾಕಿಕೊಂಡು ಕೂತು, ಮಕ್ಕಳು ಗಂಜಿ ಕೇಂದ್ರದಲ್ಲಿರುವವರಿಗೆ ಮೊದಲು, ಆಸ್ಪತ್ರೆಯಲ್ಲಿ ಯಾರಾದರೂ ಇರುವವರಿಗೆ ಅದಕ್ಕಿಂತ ಮೊದಲು, ಸುಮ್ಮನೆ ಫೋಟೋ ತೆಗೆಯುವವರಿಗೆ ಇಲ್ಲವೇ ಇಲ್ಲ ಎಂದು ಕಾನೂನು ಮಾಡಿದರು. ಪಕ್ಕದ ಬೆಲ್ಲದ ವ್ಯಾಪಾರಿ ಮಧ್ಯಾಹ್ನ ಬಂದು ಎಲ್ಲರ ಹಿಂದೆ ನಿಂತರು. ತಮ್ಮ ಹೆಂಡತಿ ಕಾಗವಾಡದ ತವರಿಗೆ ಹೋದವಳು ಅಲ್ಲಿಯೇ ಸಿಕ್ಕಿಬಿದ್ದಿದ್ದಾಳೆ, ಒಂದು ಮಾತು ಹೇಳಬೇಕು ಎಂದು ಮೆಲ್ಲಗೆ ಹೇಳಿದರು. ಅತ್ತೆ ಕೇಳಿಸಿಕೊಂಡರು, ಪಾಳಿ ಮಾತ್ರ ಬದಲಿಸಲಿಲ್ಲ.

ಅವರ ಪಾಳಿ ಬರುವಾಗ ಎರಡು ಇಪ್ಪತ್ತು. ಫೋನು ಹಚ್ಚಿ, ಅದು ಹೊತ್ತಿಕೊಳ್ಳುವುದನ್ನೇ ನೋಡುತ್ತ ಕುಕ್ಕರಗಾಲಿನಲ್ಲಿ ಕೂತರು. ಹತ್ತು ನಿಮಿಷಕ್ಕೆ ಅವರದೇ ಗೋಡೆಯ ನೆರಳು ಪ್ಲೇಟಿನ ಅಂಚಿಗೆ ಬಂತು. ಅವರು ತಲೆಯೆತ್ತಿ ತಮ್ಮ ಟಾಕಿಯನ್ನು ನೋಡಿದರು. ನೆರಳು ಮೆಲ್ಲಗೆ ಏರಿ ಎರಡೂ ಪ್ಲೇಟುಗಳನ್ನು ಪೂರ್ತಿ ನುಂಗಿತು. ಚಾರ್ಜು ನಿಂತುಹೋಯಿತು. ಯಾರೂ ನಗಲಿಲ್ಲ. ನಗಬಾರದೆಂದು ನಾವೆಲ್ಲರೂ ಬೇರೆ ಬೇರೆ ಕಡೆ ನೋಡುತ್ತಿದ್ದೆವು.

“ಮಾವಶಿ, ಇದು ಹೀಂಗ ದಿನಾ ಆಗತೈತೇನ್ರಿ?” ಎಂದು ಅವರು ಅತ್ತೆಯನ್ನು ಕೇಳಿದರು.

“ಒಂದ ವರ್ಷ ಆತಪಾ,” ಅಂದರು ಅತ್ತೆ.

ನಮ್ಮವರು ಪ್ಲೇಟಿನ ಬೋಲ್ಟು ಬಿಚ್ಚಿ, ಒಂದನ್ನು ಎತ್ತಿಕೊಂಡು ಮಾಳಿಗೆಯ ಆ ತುದಿಯ ಬಿಸಿಲಿಗೆ ಹೋದರು. ವ್ಯಾಪಾರಿ ಇನ್ನೊಂದು ಬದಿ ಹಿಡಿದರು. ಅರ್ಧ ಗಂಟೆ ಇಬ್ಬರೂ ಅದನ್ನು ಸೂರ್ಯನ ಕಡೆಗೆ ವಾಲಿಸಿ ಹಿಡಿದು ನಿಂತರು. ಕಾಗವಾಡಕ್ಕೆ ಫೋನ್ ಹತ್ತಿತು. ಅಲ್ಲಿ ಎಲ್ಲರೂ ಚೆನ್ನಾಗಿದ್ದರು.

ನೀರು ಇಳಿದ ಮೇಲೆ ಅವರು ಗೋಡೆ ಒಡೆಯಲಿಲ್ಲ, ಟಾಕಿಯನ್ನೂ ಸರಿಸಲಿಲ್ಲ. ಆದರೆ ಒಂದು ದಿನ ವೆಲ್ಡಿಂಗಿನವನನ್ನು ಕರೆತಂದು, ತಮ್ಮದೇ ಕಬ್ಬಿಣದಲ್ಲಿ ಆಳೆತ್ತರದ ಸ್ಟ್ಯಾಂಡು ಮಾಡಿಸಿ, ನಮ್ಮ ಪ್ಲೇಟುಗಳನ್ನು ನೆರಳು ಮುಟ್ಟದ ಎತ್ತರಕ್ಕೆ ಏರಿಸಿ ಕೊಟ್ಟರು. ನಮ್ಮವರಿಗೆ ಅದನ್ನು ನೋಡಲು ಸಹ ಪುರುಸೊತ್ತಿರಲಿಲ್ಲ. ಹೊಳೆ ದಂಡೆಯ ಅಷ್ಟೂ ಪಂಪಿನ ಮೋಟರುಗಳು ನೀರು ಕುಡಿದು ಅವರ ಅಂಗಡಿಯ ಮುಂದೆ ರಸ್ತೆಯವರೆಗೆ ಸಾಲುಗಟ್ಟಿದ್ದವು. ಊರಿಗೆ ಊರೇ ಕಳೆದುಕೊಂಡ ವರ್ಷ ಅವರಿಗೆ ಹಿಂದೆಂದೂ ಕಾಣದಷ್ಟು ಕೆಲಸ ಬಂತು. ಅದನ್ನು ಅವರು ಮನೆಯಲ್ಲಿ ಒಮ್ಮೆಯೂ ಖುಷಿಯಿಂದ ಹೇಳಲಿಲ್ಲ. ರಾಯಬಾಗದ ಕಡೆಯ ಪರಿಚಯದವರು ಬಂದು ಸೀಜನ್ ಚಲೋ ಆಯಿತಲ್ಲ ಅಂದಾಗ, ಎದ್ದು ಒಳಗೆ ಹೋದರು.

ಕಳೆದ ವರ್ಷ ಸರ್ಕಾರದ ಯೋಜನೆಯಲ್ಲಿ ನಾವೂ ಹೊಸ ಸೋಲಾರ್ ಹಾಕಿಸಿದೆವು. ಎಂಟು ದೊಡ್ಡ ಪ್ಲೇಟು, ಬ್ಯಾಟರಿ ಇಲ್ಲ. ಹಗಲೆಲ್ಲ ಆದ ಕರೆಂಟ್ ಮನೆಗೆ ಬಳಸಿ ಉಳಿದದ್ದು ತಾನಾಗಿ ಕಂಬದ ಲೈನಿಗೆ ಹೋಗುತ್ತದೆ. ಕೂಡಿಸಲು ಚಿಕ್ಕೋಡಿಯಿಂದ ಬಂದ ಗುತ್ತಿಗೆದಾರರು ನಡುವಯಸ್ಸಿನ ಮಾತಾಳಿ. ಹಳೆಯ ಎರಡು ಪ್ಲೇಟು ನೋಡಿ, ಇವುಗಳ ಕಾಲ ಮುಗಿಯಿತು, ಗುಜರಿಗೆ ಹಾಕಿರಿ, ಬೇಕಾದರೆ ತಾವೇ ಒಯ್ಯುವುದಾಗಿ ಹೇಳಿದರು. ನಮ್ಮವರು ಒಳಗಿನಿಂದ ಮೀಟರು ತಂದು ಅವರ ಕೈಯಲ್ಲೇ ಕೊಟ್ಟರು. ಅವರು ಅಳೆದರು. ಜಿನೆಯ ಗೋಡೆಯ ಮೇಲಿನ ಹದಿನಾರು ವರ್ಷದ ಅಂಕಿಗಳ ಮುಂದೆ ನಿಂತು ಮೇಲಿನಿಂದ ಕೆಳಗಿನವರೆಗೆ ಓದಿದರು. ಸುಣ್ಣ ಬಳಿಯುವಾಗ ಆ ಪಟ್ಟಿಯನ್ನು ಬಿಟ್ಟು ಬಳಿಯುವುದು ನಮ್ಮ ಮನೆಯ ರೂಢಿ. ಮೊದಲ ಅಂಕಿಗೂ ಕೊನೆಯ ಅಂಕಿಗೂ ವ್ಯತ್ಯಾಸವಿತ್ತು, ಆದರೆ ಅದನ್ನು ಹುಡುಕಿ ನೋಡಬೇಕಾಗಿತ್ತು.

“ಇವು ಇನ್ನೂ ಹತ್ತ ವರ್ಷ ಬರತಾವ್ರಿ,” ಅಂದರು, ಸ್ವಲ್ಪ ಬೇಸರದಿಂದಲೇ.

“ಬರಲಿ. ನಾ ಇದ್ದರ ಬರಕೊಂಡ ಹೋಗ್ತೇನಿ,” ಅಂದರು ನಮ್ಮವರು.

ಅವರಿಗೀಗ ಅರವತ್ತರ ಹತ್ತಿರ. ಸಣ್ಣ ತಂತಿಯ ಕೆಲಸ ಬಿಟ್ಟು ದೊಡ್ಡ ಮೋಟರುಗಳನ್ನಷ್ಟೇ ಹಿಡಿಯುತ್ತಾರೆ. ಎಂಬತ್ತನಾಲ್ಕರ ಅತ್ತೆ ಅಂಗಳದಿಂದಲೇ, ಹಳೆಯವು ತಮ್ಮ ಕೋಣೆಗೆ ಇರಲಿ ಎಂದು ಕೂಗಿ ಹೇಳಿದರು. ಹೊಸದರ ವೈರು ತಮ್ಮ ಕೋಣೆಗೆ ಬೇಡವೇ ಬೇಡ ಅಂದರು. ಹಾಗೆಯೇ ಆಯಿತು. ಒಂದು ಸಣ್ಣ ಬ್ಯಾಟರಿ ಹಾಕಿ, ಅವರ ಕೋಣೆಗೆ ಒಂದು ಲೈಟು, ಒಂದು ಫ್ಯಾನು ಕೊಟ್ಟೆವು. ಉಳಿದ ಮನೆಗೆಲ್ಲ ಹೊಸ ಎಂಟು ಪ್ಲೇಟು.

ಮೇ ತಿಂಗಳಲ್ಲಿ ಒಂದು ದಿನ ಹನ್ನೊಂದಕ್ಕೆ ಕರೆಂಟ್ ಹೋಯಿತು. ಹೊರಗೆ ಕಾಗೆ ಕೂಡ ಹಾರದಂಥ ಬಿಸಿಲು. ಎಂಟು ಪ್ಲೇಟು ಅಷ್ಟೂ ಬಿಸಿಲನ್ನು ಹೊತ್ತು ಮಿರಮಿರ ಮಿಂಚುತ್ತಿದ್ದವು, ಮನೆಯೊಳಗೆ ಒಂದು ಫ್ಯಾನೂ ತಿರುಗುತ್ತಿರಲಿಲ್ಲ. ಕೆಟ್ಟಿತೆಂದು ತಿಳಿದು ನಾನು ಫೋನ್ ಮಾಡಿದೆ. ಗುತ್ತಿಗೆದಾರರು ಆ ಬಿಸಿಲಲ್ಲಿ ಮೋಟರ್ ಸೈಕಲ್ ಮೇಲೆ ಬಂದೇಬಿಟ್ಟರು, ಅದನ್ನು ಮೆಚ್ಚಬೇಕು. ಅಂಗಡಿಯಲ್ಲಿ ಕರೆಂಟ್ ಇಲ್ಲದ್ದರಿಂದ ನಮ್ಮವರೂ ಮನೆಗೆ ಬಂದಿದ್ದರು. ಗಾಳಿಯಿದ್ದ ಒಂದೇ ಜಾಗ ಅತ್ತೆಯ ಕೋಣೆ. ಆಗಲೇ ನಾವೆಲ್ಲ ಅಲ್ಲಿ ಸೇರಿದ್ದರಿಂದ ಗುತ್ತಿಗೆದಾರರನ್ನೂ ಅಲ್ಲಿಗೇ ಕರೆದೆವು. ಅತ್ತೆ ಮಂಚದ ಮೇಲೆ ಸರಿದು ಜಾಗ ಕೊಟ್ಟು, ಮಜ್ಜಿಗೆ ತರಿಸಿದರು.

ಏನೂ ಕೆಟ್ಟಿರಲಿಲ್ಲ. ಲೈನಿನಲ್ಲಿ ಕರೆಂಟ್ ಇಲ್ಲದಾಗ ಈ ಸೋಲಾರ್ ತಾನಾಗಿ ಬಂದ್ ಆಗುತ್ತದೆ ಎಂದು ಅವರು ವಿವರಿಸಿದರು. ಇಲ್ಲದಿದ್ದರೆ ನಮ್ಮ ಮಾಳಿಗೆಯ ಕರೆಂಟ್ ಕಂಬಕ್ಕೆ ಹೋಗಿ, ಅಲ್ಲಿ ರಿಪೇರಿಗೆ ಹತ್ತಿದ ಲೈನ್‌ಮನ್ನನಿಗೆ ಹೊಡೆಯುತ್ತದೆ. ಆ ಮಾತು ಸರಿಯಾಗಿತ್ತು, ನಮ್ಮವರೂ ತಲೆಯಾಡಿಸಿದರು. ಹಳೆಯ ಪ್ಲೇಟಿನ ಫ್ಯಾನಿನ ಕೆಳಗೆ ಕೂತು, ಬೆವರು ಆರಿಸಿಕೊಳ್ಳುತ್ತ, ಅವರು ಹೊಸ ಪ್ಲೇಟುಗಳ ಗುಣವನ್ನು ಬಹಳ ಹೊತ್ತು ಹೇಳಿದರು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು.

“ಹಂಗಾರ ಕರೆಂಟ ಹೋದಾಗ ಅದೂ ಹೋಗತೈತಿ, ಕರೆಂಟ ಬಂದಾಗ ಅದೂ ಬರತೈತಿ,” ಅಂದರು.

“ಹೌದ್ರಿ ಆಯಿ.”

“ಚಲೋ ಆತ ಬಿಡಪಾ. ಕರೆಂಟಿಗೆ ಜೊತಿಗೊಬ್ಬರ ಇದ್ದಂಗ ಆತು,” ಎಂದು ಅತ್ತೆ ಗೋಡೆಯ ಕಡೆ ಹೊರಳಿ ಮಲಗಿದರು.

ನಾಲ್ಕು ಗಂಟೆಗೆ ಕರೆಂಟ್ ಬಂತು. ನಾವು ಎದ್ದು ನಮ್ಮ ನಮ್ಮ ಕೋಣೆಗೆ ಹೋದೆವು. ಗುತ್ತಿಗೆದಾರರು ಮಾತ್ರ ಇನ್ನೊಂದು ಲೋಟ ಮಜ್ಜಿಗೆ ಕೇಳಿ, ಬಿಸಿಲು ಇಳಿಯುವವರೆಗೆ ಅಲ್ಲಿಯೇ ಕೂತಿದ್ದರು.